ಈಗ ತೆಗೆಯಬಹುದು

ಕಾವಲಿಯ ಮೇಲೆ ಅಕ್ಕಿಹಿಟ್ಟಿನ ಉಂಡೆಯಿಟ್ಟು, ಬೆರಳನ್ನು ನೀರಿಗೆ ಅದ್ದಿ ಅದ್ದಿ ನಡುವಿನಿಂದ ಅಂಚಿಗೆ ತಟ್ಟಿಕೊಂಡು ಹೋಗುತ್ತಿದ್ದಾಗ ಫೋನು ಹೊಡೆದುಕೊಳ್ಳತೊಡಗಿತು. ಸುಷ್ಮಾಳ ಎರಡೂ ಕೈಗೆ ಮಣಿಕಟ್ಟಿನವರೆಗೆ ಹಿಟ್ಟು, ಸಬ್ಬಸಿಗೆ ಸೊಪ್ಪಿನ ಎಸಳು. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟರೆ ಒಂದು ಕಡೆ ದಪ್ಪಗೆ ನಿಂತು ಇನ್ನೊಂದು ಕಡೆ ಸೀದುಹೋಗುತ್ತದೆ. ಕತ್ತು ಚಾಚಿ ನೋಡಿದಳು. ಹೆಸರಿಲ್ಲದ ಬರೀ ನಂಬರು. ಯಾರದೆಂದು ಅವಳಿಗೆ ಗೊತ್ತಿತ್ತು. ಯಾರೂ ಕೇಳದಿರಲೆಂದೇ ಹೆಸರು ಹಾಕಿಕೊಂಡಿರಲಿಲ್ಲ. ‘ಲಾಸ್ಯಾ, ಫೋನ್ ತಗೋ ಪುಟ್ಟಾ’ ಎಂದು ಕೂಗಿದ ಮೇಲೆ ಕೂಗಬಾರದಿತ್ತು ಅನ್ನಿಸಿತು. ಒಂದು ಕಾಲಿಗೆ ಮಾತ್ರ ಬೂಟು ಹಾಕಿದ್ದ ಮಗಳು ಕುಂಟಿಕೊಂಡು ಬಂದು ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಡೆಯ ಗಂಡಸಿನ ‘ಹಲೋ’ ಒಲೆಯ ಹತ್ತಿರದವರೆಗೂ ಕೇಳಿಸಿತು. ಲಾಸ್ಯಳ ತುಟಿ ‘ಹಲೋ’ ಎಂದಿತು. ಸದ್ದು ಹೊರಡಲಿಲ್ಲ. ‘ಹಲೋ, ಯಾರ್ರೀ ಅದು, ಮಾತಾಡ್ರೀ’ ಎಂದಿತು ಫೋನು. ಮಗು ಇನ್ನೊಮ್ಮೆ, ಇನ್ನಷ್ಟು ಅಗಲವಾಗಿ ತುಟಿ ಬಿಡಿಸಿ, ಹಲ್ಲು ಕಾಣುವಂತೆ, ಗಾಳಿಯಷ್ಟೂ ಸದ್ದಿಲ್ಲದೆ ಹಲೋ ಎಂದಿತು. ಸುಷ್ಮಾ ಬಗ್ಗಿ ಆ ಪುಟ್ಟ ಕೈಗೆ ಕಿವಿ ಕೊಟ್ಟಳು.

‘ಮೇಡಂ, ಲಷ್ಕರ್ ಮೊಹಲ್ಲಾದಿಂದ ಸಂಜಯ್ ಕಣ್ರೀ. ನಿಮ್ ಪೆನ್‌ಡ್ರೈವ್ ನೋಡ್ದೆ. ಏನೂ ಆಗಕ್ಕಿಲ್ಲ ಮೇಡಂ, ದನಿ ಎಲ್ಲಾ ಹಾಳಾಗ್ಬುಟ್ಟದೆ. ಬಂದು ತಗೊಂಡೋಗ್ಬುಡಿ.’

‘ಹೂಂ. ಆಯ್ತು’ ಎಂದಳು ಸುಷ್ಮಾ, ತರಕಾರಿಯವನ ಜೊತೆ ಮಾತಾಡುವಂತೆ. ಮಗಳು ಫೋನನ್ನು ಹಿಡಿದ ಕೈ ಅಲುಗಲಿಲ್ಲ. ಕೇಳಿಸಿತೇ ಇವಳಿಗೆ? ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ, ಬೆಳಗಿನ ಪೌಡರು ಮಾತ್ರ ಇತ್ತು. ಮಗು ಫೋನನ್ನು ಸ್ಲ್ಯಾಬಿನ ಮೇಲಿಟ್ಟು ಇನ್ನೊಂದು ಬೂಟನ್ನು ಹುಡುಕಿಕೊಂಡು ಹೋಯಿತು. ರೊಟ್ಟಿ ಸೀದಿತ್ತು.

ದೇವರ ಕೋಣೆಯಲ್ಲಿ ಶಿವಕಿರಣ್ ಲಿಂಗಪೂಜೆಗೆ ಕೂತಿದ್ದ. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಬಿಲ್ವದೆಲೆ. ತುಟಿ ಒಂದೇ ಸಮನೆ ಆಡುತ್ತಿತ್ತು. ಮೊದಲಾದರೆ ಆ ಮಂತ್ರ ಬಾಗಿಲು ದಾಟಿ, ಗೇಟು ದಾಟಿ, ಎದುರುಮನೆಯ ಅಂಬುಜಾ ಗಿಡಕ್ಕೆ ನೀರು ಹಾಕುವಲ್ಲಿಗೂ ಹೋಗುತ್ತಿತ್ತು. ‘ನಿಮ್ಮನೆಯವರ ಪೂಜೆ ಶುರುವಾಯ್ತು ಅಂದ್ರೆ ನಮ್ಮನೆಯವರನ್ನ ಎಬ್ಬಿಸ್ಬೋದು ಕಣ್ರೀ, ಅಲಾರಮ್ಮೇ ಬೇಡ’ ಎಂದು ಆಕೆ ನಗುತ್ತಿದ್ದಳು. ಈಗ ಅವನ ಕುತ್ತಿಗೆಯ ಗುಂಡಿಯಲ್ಲಿ ಒಂದು ತೂತು, ಅದರ ಮುಂದೆ ಸುಷ್ಮಾ ಹೊಲಿದ ಬಿಳಿ ಬಟ್ಟೆಯ ತುಂಡು, ಉಸಿರಾಡಿದಾಗ ಆ ಬಟ್ಟೆ ಮೆಲ್ಲಗೆ ಉಬ್ಬಿ ಇಳಿಯುತ್ತದೆ, ಅಷ್ಟೆ. ಎಲೆ ಅಡಿಕೆ ಕೂಡ ಮುಟ್ಟದ ಗಂಟಲು. ಆದರೂ ನೋಡಲು ಬಂದವರೆಲ್ಲ ಅವಳನ್ನು ಬದಿಗೆ ಕರೆದು ‘ಸಿಗರೇಟಿತ್ತಾ?’ ಎಂದು ಕೇಳಿಯೇ ಹೋಗುತ್ತಿದ್ದರು. ಇಲ್ಲ ಎಂದರೆ ನಂಬುತ್ತಿರಲಿಲ್ಲ, ಗಂಡನ ಮಾನ ಕಾಪಾಡುತ್ತಿದ್ದಾಳೆ ಎಂಬಂತೆ ತಲೆಯಾಡಿಸುತ್ತಿದ್ದರು.

‘ಕಿರಣಾ! ರೊಟ್ಟಿ ಆಯ್ತು ಕಣಪ್ಪಾ! ತಣ್ಣಗಾಗ್ಬುಡುತ್ತೆ!’ ಎಂದು ಅತ್ತೆ ಗಿರಿಜಾಂಬಾ ನಡುಮನೆಯಿಂದ ಕಿರುಚಿದರು. ಮಗನ ಮಾತು ಹೋದ ದಿನದಿಂದ ಅವರು ಅವನೊಂದಿಗೆ ಕಿವುಡನ ಜೊತೆ ಮಾತಾಡುವಂತೆ ಕಿರುಚುತ್ತಾರೆ. ‘ಕಿವಿ ಚೆನ್ನಾಗೇ ಇದೆ ಅತ್ತೆ’ ಎಂದು ಎಷ್ಟು ಸಲ ಹೇಳಿದರೂ ‘ಗೊತ್ತು ಬುಡಮ್ಮ’ ಎಂದು ಮತ್ತೆ ಕಿರುಚುತ್ತಾರೆ. ನೆಂಟರು ಇದಕ್ಕೆ ತದ್ವಿರುದ್ಧ, ಅವನ ಮುಂದೆ ಪಿಸುಗುಡುತ್ತಾರೆ. ಸರಿಯಾದ ದನಿಯಲ್ಲಿ ಅವನೊಡನೆ ಮಾತಾಡುವವರು ಯಾರೂ ಉಳಿದಿರಲಿಲ್ಲ. ತಾನು? ತಾನು ಮಾತು ಕಡಿಮೆ ಮಾಡಿದ್ದೆ ಎಂದು ಸುಷ್ಮಾ ಸೀದ ರೊಟ್ಟಿಯನ್ನು ಕೆರೆಯುತ್ತ ಅಂದುಕೊಂಡಳು. ಹಸಿದವನ ಮುಂದೆ ಕೂತು ಉಣ್ಣಬಾರದು ಎಂಬಂತೆ. ಅದು ಪ್ರೀತಿ ಎಂದೇ ತಿಳಿದಿದ್ದಳು.

ಶಿವಕಿರಣ್ ತಟ್ಟೆಯ ಮುಂದೆ ಬಂದು ಕೂತ. ವಿಭೂತಿಯ ಹಣೆ, ನಗುವ ಕಣ್ಣು. ಅವಳು ನೋಡುವವರೆಗೂ ಕಾದು, ತುಟಿ ಬಿಡಿಸಿದ. ನಾಳೆ. ಆಮೇಲೆ ಮಗಳ ಕಡೆ ಕಣ್ಣು ಹಾಯಿಸಿ, ನಡುಮನೆಯ ಟಿವಿಯತ್ತ ಗಲ್ಲ ಎತ್ತಿ ತೋರಿಸಿ, ಮೊದಲನೇದು ಎಂದ. ನಾಳೆ ಲಾಸ್ಯಳಿಗೆ ಎಂಟು ತುಂಬುತ್ತದೆ. ಆಪರೇಷನ್ನಿಗೆ ಮೊದಲಿನ ಸಂಜೆಗಳಲ್ಲಿ ಅವನು ಒಂದೊಂದು ಹುಟ್ಟುಹಬ್ಬಕ್ಕೂ ಒಂದೊಂದರಂತೆ ತನ್ನ ದನಿಯಲ್ಲಿ ಮಾತಾಡಿ ಇಟ್ಟಿದ್ದ. ಅದರಲ್ಲಿ ಮೊದಲನೆಯದನ್ನು ನಾಳೆ ಮಗಳಿಗೆ ಕೇಳಿಸಬೇಕು.

‘ಹೂಂ ಕಣ್ರೀ’ ಎಂದಳು ಸುಷ್ಮಾ. ‘ನೆನಪಿದೆ.’

ಶಾಲೆ ದಟ್ಟಗಳ್ಳಿಯಲ್ಲೇ, ಪಾರ್ಕು ದಾಟಿದರೆ ಎರಡು ತಿರುವು. ಮಗಳ ಬೆರಳು ಹಿಡಿದು ನಡೆಯುವಾಗ ಸುಷ್ಮಾ ತಾನೇ ಎರಡೂ ಕಡೆಯ ಮಾತಾಡುತ್ತಿದ್ದಳು. ‘ನೀರಿನ ಬಾಟ್ಲು ಹಾಕ್ಕೊಂಡ್ಯಾ? ಹಾಕ್ಕೊಂಡೆ ಅಲ್ವಾ, ಜಾಣೆ. ಇವತ್ತು ಶನಿವಾರ, ಬೇಗ ಬಿಡ್ತಾರೆ.’ ಮಗು ಒಮ್ಮೆ ಅವಳ ಕೈ ಎಳೆದು ನಿಲ್ಲಿಸಿ, ತಲೆಯೆತ್ತಿ, ತುಟಿ ತೆರೆಯಿತು. ಅಮ್ಮಾ, ನಾನು. ಅಲ್ಲಿಗೆ ಸುಷ್ಮಾ ಮುಖ ತಿರುಗಿಸಿ, ರಸ್ತೆಯ ಆಚೆ ಬರುತ್ತಿದ್ದ ಹಾಲಿನ ಆಟೋ ನೋಡಿದಳು. ಗಂಡನ ತುಟಿ ಓದಿ ಓದಿ ಅವಳಿಗೆ ಯಾರ ತುಟಿಯಾದರೂ ಓದಲು ಬರುತ್ತಿತ್ತು. ಅದಕ್ಕೇ ಓದುತ್ತಿರಲಿಲ್ಲ. ಜಡೆ ಹಾಕುವಾಗ ಕನ್ನಡಿಯಲ್ಲಿ, ಊಟಕ್ಕೆ ಬಡಿಸುವಾಗ, ಹೊದಿಕೆ ಸರಿಮಾಡುವಾಗ, ದಿನಕ್ಕೊಮ್ಮೆಯಾದರೂ ಆ ತುಟಿ ಅದೇ ಸಾಲು ಶುರುಮಾಡುತ್ತಿತ್ತು. ಅಮ್ಮಾ, ನಾನು. ಮುಂದಿನದು ಏನೆಂದು ಗೊತ್ತಿರಲಾರದೇ? ನಾನು ಅಪ್ಪನ ದನಿ ಕೇಳಬೇಕು. ಅದಲ್ಲದೆ ಇನ್ನೇನು. ಇನ್ನೇನು ಕೇಳೀತು ಮಗು.

ಗೇಟಿನಲ್ಲಿ ದಿವ್ಯ ಮಿಸ್ ನಿಂತಿದ್ದಳು. ಮಗುವನ್ನು ಒಳಗೆ ಕಳಿಸಿ, ‘ಒಂದ್ನಿಮಿಷ ಬನ್ನಿ’ ಎಂದು ನಲ್ಲಿಗಳ ಹತ್ತಿರ ಕರೆದೊಯ್ದಳು. ‘ಬೇಜಾರ್ ಮಾಡ್ಕೋಬೇಡಿ ಮೇಡಂ. ಪಾಠ ಓದು ಅಂದ್ರೆ ಎದ್ದು ನಿಂತ್ಕೊಂಡು ಇಡೀ ಪಾಠ ಬಾಯಾಡಿಸ್ತಾಳೆ. ಒಂದ್ ಸೌಂಡ್ ಇಲ್ಲ. ಮುಗಿಸ್ಬಿಟ್ಟು ಕೂತ್ಕೋತಾಳೆ. ಮಕ್ಕಳೆಲ್ಲ ಮ್ಯೂಟ್ ಮ್ಯೂಟ್ ಅಂತ ರೇಗಿಸ್ತಾವೆ, ನಾನು ಬೈದಿದೀನಿ, ಆದ್ರೂ…’ ದಿವ್ಯ ದನಿ ತಗ್ಗಿಸಿದಳು. ‘ಮನೇಲಿ ಏನಾದ್ರೂ ಹೊಡೆಯೋದು, ಹೆದರ್ಸೋದು ಇದ್ಯಾ?’ ನಲ್ಲಿಯ ಕೆಳಗೆ ಯಾರೋ ಬಿಟ್ಟಿದ್ದ ಅನ್ನದ ಅಗುಳುಗಳನ್ನು ಒಂದು ಗುಬ್ಬಚ್ಚಿ ಹೆಕ್ಕುತ್ತಿತ್ತು. ಸುಷ್ಮಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ‘ಅವರಪ್ಪನ್ನ ನೋಡಿ ಕಲಿತಿದಾಳೆ ಮಿಸ್. ಸರಿ ಹೋಗ್ತಾಳೆ’ ಎಂದಳು, ಮತ್ತು ತನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ಹಿಟ್ಟು ಕಂಡು ಕೈ ಸೆರಗಿನೊಳಗೆ ಹಾಕಿಕೊಂಡಳು.

ಸಿಟಿ ಬಸ್ಸಿನ ಕಿಟಕಿಯ ಸರಳಿಗೆ ತಲೆ ಕೊಟ್ಟು ಕೂತಾಗ, ಗಂಡ ಆಸ್ಪತ್ರೆಗೆ ಸೇರಿದ ಆ ಬೆಳಗು ಮತ್ತೆ ಬಂತು. ಅದು ಬರುವುದಕ್ಕೆ ಹೊತ್ತುಗೊತ್ತೆಂಬುದಿರಲಿಲ್ಲ. ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಅವನಿಗೆ ಕಂಪನಿ ಒಂದು ಲ್ಯಾಪ್‌ಟಾಪ್ ಕೊಟ್ಟಿತ್ತು. ಡಾಕ್ಟರು, ಗಂಟಲಿನ ಕ್ಯಾನ್ಸರಿಗೆ ದನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದ ಮೇಲೆ ಅವನು ಅಳಲಿಲ್ಲ, ಮನೆಗೆ ಬಂದು ಅದನ್ನು ತೆರೆದು ಕೂತ. ಸಂಜೆ ದೀಪ ಹಚ್ಚಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ಆರಿಸಿ, ಬೆವರುತ್ತ ಮಾತಾಡುತ್ತಿದ್ದ. ಆಗಲೇ ದನಿ ಗೊಗ್ಗರಾಗಿತ್ತು, ನಡುನಡುವೆ ಕೆಮ್ಮು. ಕೆಮ್ಮಿದರೆ ಮತ್ತೆ ಮೊದಲಿನಿಂದ. ಹೊರಗೆ ಅವಳು ಕಾವಲು. ಕುಕ್ಕರು ಕೂಗದಂತೆ, ಅತ್ತೆ ಟಿವಿ ಹಾಕದಂತೆ. ಲಾಸ್ಯಳನ್ನು ಕಾಯುವುದೇ ಕಷ್ಟ. ಆಗ ಅವಳ ಬಾಯಿಗೆ ಬಿಡುವಿರಲಿಲ್ಲ. ಸ್ಕೂಲಿನಲ್ಲಿ ಯಾರೋ ಬಿದ್ದದ್ದು, ಯಾರೋ ವಾಂತಿ ಮಾಡಿಕೊಂಡದ್ದು ಎಲ್ಲವನ್ನೂ ಅಪ್ಪನಿಗೆ ಆ ಕ್ಷಣವೇ ಹೇಳಬೇಕು. ಒಂದು ಸಂಜೆ ಕಣ್ಣು ತಪ್ಪಿಸಿ ಬಾಗಿಲು ದೂಡಿ ‘ಅಪ್ಪಾ ಗೊತ್ತಾ!’ ಎಂದು ನುಗ್ಗಿಯೇಬಿಟ್ಟಳು. ಸುಷ್ಮಾ ರಟ್ಟೆ ಹಿಡಿದು ಎಳೆದುಕೊಂಡು ಬಂದು ಬೈದಿದ್ದಳು. ‘ಎಷ್ಟು ಸಲ ಹೇಳ್ಬೇಕೇ ನಿಂಗೆ? ನೀನು ಮಧ್ಯೆ ಬಾಯಿ ಹಾಕಿದ್ರೆ ಅಪ್ಪನ ದನಿ ಹಾಳಾಗ್ಬುಡುತ್ತೆ!’ ಒಳಗಿನಿಂದ ಅವನು ‘ಬಿಡೇ, ಇನ್ನೊಂದ್ಸಲ ಹೇಳ್ತೀನಿ’ ಎಂದು ನಕ್ಕಿದ್ದ. ಆ ನಗು ಸಮೇತ ಅದರೊಳಗೆ ಹೋಗಿತ್ತೇನೋ. ಅಳಿಸಿ ಮತ್ತೆ ಮಾತಾಡಿದನೋ, ಹಾಗೇ ಬಿಟ್ಟನೋ, ಅವಳು ಕೇಳಿರಲಿಲ್ಲ. ಕೇಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡಿದ್ದಳು.

ಅಡ್ಮಿಟ್ ಆಗುವ ಬೆಳಿಗ್ಗೆ ಲ್ಯಾಪ್‌ಟಾಪ್ ವಾಪಸ್ಸು ಒಯ್ಯಲು ಜೊತೆಯ ಕೆಲಸದ ಯೋಗೇಂದ್ರ ಬಂದಿದ್ದ. ಕಂಪನಿಯ ಮಿಷನ್ನಿನಲ್ಲಿ ಮನೆಯದೇನೂ ಉಳಿಯಬಾರದು ಎಂದು ಶಿವಕಿರಣ್ ಎಲ್ಲವನ್ನೂ ಪೆನ್‌ಡ್ರೈವಿಗೆ ದಾಟಿಸಲು ಹಚ್ಚಿ, ಸ್ನಾನಕ್ಕೆ ಹೊರಟವನು ಟವೆಲು ಹೆಗಲ ಮೇಲೆ ಹಾಕಿಕೊಂಡೇ ಹೇಳಿದ್ದ: ‘ಈ ಹಸುರು ಪಟ್ಟಿ ತುಂಬಲಿ. ಆಮೇಲೆ ಕೆಳಗೆ ಮೂಲೇಲಿದೆಯಲ್ಲ, ಇದನ್ನ ಒತ್ತು. ಈಗ ತೆಗೀಬೋದು ಅಂತ ಅದೇ ಹೇಳುತ್ತೆ. ಅದು ಹೇಳೋವರೆಗೂ ಮುಟ್ಬೇಡ ಕಣೇ.’ ಮಗಳಿಗೂ ಅವನು ಹಾಗೆಯೇ ಕಲಿಸಿದ್ದ. ಮನೆಯಿಂದ ಹೊರಡುವವರು ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು, ಒಳಗಿರುವವರು ಹೋಗ್ಬಾ ಎನ್ನಬೇಕು. ಪೆನ್‌ಡ್ರೈವಿಗೂ ಅಷ್ಟೇ ಮರ್ಯಾದೆ. ಲಾಸ್ಯ ಗುರುತು ಒತ್ತುವುದು, ಅಪ್ಪ ಮೂಗಿನಲ್ಲಿ ‘ಬರ್ತೀನಮ್ಮಾ’ ಎನ್ನುವುದು, ಪರದೆಯಲ್ಲಿ ಆ ಇಂಗ್ಲಿಷ್ ಸಾಲು ಮೂಡಿದಾಗ ಮಗಳು ‘ಹೋಗ್ಬಾಪ್ಪಾ’ ಎಂದು ತೆಗೆಯುವುದು. ಫ್ಯಾಕ್ಟರಿಯ ಯಾವುದೋ ನಟ್ಟು ಬೋಲ್ಟಿನ ಲೆಕ್ಕಕ್ಕೂ ಅವರಿಬ್ಬರೂ ಹೀಗೆ ಬೀಳ್ಕೊಡುಗೆ ಮಾಡುತ್ತಿದ್ದರು. ಆ ದಿನ ಹಸುರು ಪಟ್ಟಿ ತುಂಬಿತು. ಒಲೆಯ ಮೇಲೆ ಹಾಲಿತ್ತು. ಗೇಟಿನಲ್ಲಿ ಯೋಗೇಂದ್ರ ಸ್ಕೂಟರು ಆರಿಸದೆ ನಿಂತಿದ್ದ. ‘ಅತ್ತಿಗೆ, ಆಯ್ತಾ? ಪಂಚಿಂಗ್ ಟೈಮಾಗ್ಬುಡ್ತದೆ.’ ಅವಳು ಗುರುತು ಒತ್ತಿದಳು. ಇನ್ನೂ ಕೆಲಸ ನಡೆದಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂದಿತು ಅದು. ಅವಳು ಓದಿದಳು. ಅರ್ಥವೂ ಆಯಿತು. ‘ಅತ್ತಿಗೇ’ ಎಂದ ಯೋಗೇಂದ್ರ. ಹಾಲು ಉಕ್ಕುವ ವಾಸನೆ ಬಂತು. ಬೇರೆಯವರ ಎದುರು ಕಾಯಿಸುತ್ತ ನಿಲ್ಲುವುದು ಅವಳಿಗೆ ಚಿಕ್ಕಂದಿನಿಂದಲೂ ಆಗದು, ಮೈಯೆಲ್ಲ ಬಿಸಿಯಾಗುತ್ತದೆ. ಎಳೆದಳು. ಎಷ್ಟು ಸುಲಭವಾಗಿ ಬಂತೆಂದರೆ, ಬಟಾಣಿ ಸಿಪ್ಪೆಯಿಂದ ಕಾಳು ಬಂದಂತೆ. ಸದ್ದು ಕೂಡ ಆಗಲಿಲ್ಲ.

ಆ ದಿನ ಆಸ್ಪತ್ರೆಯಲ್ಲಿ ನರ್ಸು, ಕುತ್ತಿಗೆಯಲ್ಲಿರೋದೆಲ್ಲ ಬಿಚ್ಚಿ ಎಂದಾಗ ಗಿರಿಜಾಂಬಾ ಅವಳನ್ನು ತಡೆದು ತಾವೇ ಮುಂದೆ ಬಂದಿದ್ದರು. ಲಿಂಗ ಮೈಯಿಂದ ಅಗಲಬಾರದು. ಒಂದು ಕೈಯಿಂದ ಲಿಂಗವಿದ್ದ ಕರಡಿಗೆಯನ್ನು ಮಗನ ಎದೆಗೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಶಿವದಾರ ಸಡಿಲಿಸಿ, ಚರ್ಮದ ಮೇಲೆಯೇ ಜಾರಿಸುತ್ತ ಜಾರಿಸುತ್ತ ತೋಳಿಗೆ ತಂದು ಕಟ್ಟಿದರು. ಇಷ್ಟೂ ಹೊತ್ತು ಅದರೊಡನೆ ಮಾತಾಡುತ್ತಿದ್ದರು. ‘ದೂರ ಏನಿಲ್ಲ ಕಣಪ್ಪಾ, ಇಲ್ಲೇ ತೋಳಿಗೆ. ಕೋಪ ಮಾಡ್ಕೋಬೇಡ. ಎರಡು ದಿನ.’ ನರ್ಸು ಗಡಿಯಾರ ನೋಡುತ್ತ ನಿಂತಳು. ಅತ್ತೆ ಅವಸರಪಡಲಿಲ್ಲ. ತಳ್ಳುಗಾಡಿ ಹೊರಟಾಗ ಶಿವಕಿರಣ್ ತಲೆಯೆತ್ತಿ, ‘ಅಮ್ಮಂಗೆ ಮಾತ್ರೆ ಕೊಡೋದು ಮರೀಬೇಡ. ಬರ್ತೀನಿ’ ಎಂದ. ಅವಳು ‘ಹೋಗ್ಬನ್ನಿ’ ಎಂದಳು. ಆ ದನಿಯಲ್ಲಿ ಅದೇ ಕೊನೆ. ಅವನು ಬಂದ.

‘ಲಷ್ಕರ್ ಮೊಹಲ್ಲಾ ಇಳ್ಯೋರು’ ಎಂದ ಕಂಡಕ್ಟರು.

ಸಂಜಯನ ಅಂಗಡಿ ಎರಡು ಪಾತ್ರೆ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಂತಿತ್ತು. ಅವನು ಪೊಟ್ಟಣ ಬಿಚ್ಚಿಕೊಂಡು ಇಡ್ಲಿ ತಿನ್ನುತ್ತಿದ್ದ; ಎಡಗೈಯಲ್ಲೇ ಪೆನ್‌ಡ್ರೈವನ್ನು ಹುಡುಕಿ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದ. ‘ನೋಡಿ, ನಾನೇನ್ ಸುಳ್ಳು ಹೇಳಾಕಿಲ್ಲ. ಹೆಸ್ರುಗಳು ಬಂದ್ವು. ಹೆಸ್ರು ಮಾತ್ರ.’ ಅವಳು ಬಗ್ಗಿದಳು. ಶಿವಕಿರಣ್ ಕನ್ನಡದಲ್ಲಿ ಹೆಸರು ಕೊಟ್ಟಿದ್ದ. ಪುಟ್ಟಿ ಎಂಟು. ಪುಟ್ಟಿ ಒಂಬತ್ತು. ಹೀಗೇ ಕೆಳಗೆ ಕೆಳಗೆ. ಪುಟ್ಟಿ ಹತ್ತನೇ ಕ್ಲಾಸು. ಪುಟ್ಟಿಗೆ ಅಪ್ಪನ ಮೇಲೆ ಸಿಟ್ಟು ಬಂದಾಗ. ಪುಟ್ಟಿ ಮದುವೆ ದಿನ. ಎಲ್ಲದರ ಕೆಳಗೆ, ಸುಷ್ಮಾ ಒಬ್ಬಳೇ ಕೇಳೋದು. ಪ್ರತಿ ಹೆಸರಿನ ಪಕ್ಕದಲ್ಲೂ ಒಂದೊಂದು ಸೊನ್ನೆ. ಸಂಜಯ್ ಒಂದನ್ನು ಒತ್ತಿ ತೋರಿಸಿದ, ತೆರೆಯಲಿಲ್ಲ, ಇನ್ನೊಂದನ್ನು ಒತ್ತಿದ. ‘ಅದು ಬೇಡ’ ಎಂದಳು ಅವಳು. ಕೊನೆಯದನ್ನು ಒತ್ತಲು ಹೋಗಿದ್ದ. ಒತ್ತಿದರೂ ಏನೂ ಬರುತ್ತಿರಲಿಲ್ಲ. ಆದರೂ ಬೇಡ.

‘ಎಳ್ದ್ಬುಟ್ರಾ ಮೇಡಂ? ಎಲ್ರೂ ಹಿಂಗೇಯ. ಪಟ್ಟಿ ತುಂಬಿದ್ ತಕ್ಷಣ ಮುಗೀತು ಅಂದ್ಕೋತಾರೆ. ಒಳಗೆ ಇನ್ನೂ ಬರೀತಾ ಇರ್ತದೆ. ಕಂಪ್ಯೂಟ್ರಲ್ಲಿ ಇನ್ನೊಂದ್ ಕಾಪಿ ಇಲ್ವಾ?’

‘ಇಲ್ಲ.’ ಗಂಡ ಆಸ್ಪತ್ರೆಯಲ್ಲಿದ್ದಾಗಲೇ ಒಂದು ಅಂಗಡಿಯಲ್ಲಿ ಹಾಕಿಸಿ ನೋಡಿ, ಏನೂ ತೆರೆಯದೆ, ಯೋಗೇಂದ್ರನಿಗೆ ಫೋನು ಮಾಡಿ ಕೇಳಿಯಾಗಿತ್ತು. ‘ಅದನ್ನ ಎಲ್ಲಾ ಒರೆಸಿ ಹೊಸಬನಿಗೆ ಕೊಟ್ಬುಟ್ರು ಅತ್ತಿಗೆ. ಯಾಕೆ?’ ಎಂದಿದ್ದ. ‘ಸುಮ್ನೆ ಕೇಳ್ದೆ’ ಎಂದಿದ್ದಳು.

‘ಹೋಗ್ಲಿ ಬುಡಿ’ ಎಂದ ಸಂಜಯ್, ಮತ್ತು ಪೆನ್‌ಡ್ರೈವನ್ನು ಹಿಡಿದು ಸರಕ್ಕನೆ ಎಳೆದ.

‘ಅಯ್ಯೋ, ಒತ್ತಿ ತೆಗೀರಿ!’

ಅವಳ ಕೂಗಿಗೆ ಪಕ್ಕದ ಅಂಗಡಿಯವರು ಹಣಿಕಿ ನೋಡಿದರು. ಸಂಜಯನ ಬಾಯಲ್ಲಿ ಇಡ್ಲಿ ಹಾಗೇ ನಿಂತಿತು. ‘ಒಳಗೇನದೆ ಮೇಡಂ ಈಗ? ಎಂಗೆ ತೆಗುದ್ರೂ ಒಂದೇಯ’ ಎಂದು ನಗಲು ಹೋಗಿ, ಅವಳ ಮುಖ ನೋಡಿ ನಿಲ್ಲಿಸಿದ. ‘ಇನ್ನೊಂದ್ಸಲ ಹಾಕಿ’ ಎಂದಳು ಸುಷ್ಮಾ. ತನ್ನ ದನಿ ಭಿಕ್ಷೆ ಬೇಡುವಂತಿದೆ ಎಂದು ಅವಳಿಗೇ ಕೇಳಿಸಿತು. ‘ಹಾಕಿ, ಸರಿಯಾಗಿ ತೆಗ್ದು ಕೊಡಿ. ದಮ್ಮಯ್ಯ.’ ಅವನು ಕೈ ತೊಳೆದುಕೊಂಡು ಬಂದ. ಯಾಕೆ ಕೈ ತೊಳೆದನೋ. ಸಿಕ್ಕಿಸಿ, ಮೂಲೆಯ ಗುರುತು ಒತ್ತಿ, ಇಬ್ಬರೂ ಪರದೆ ನೋಡುತ್ತ ನಿಂತರು. ಹೊರಗೆ ಯಾರೋ ಸ್ಟೀಲಿನ ಕೊಳಗ ಬಡಿದು ತೋರಿಸುತ್ತಿದ್ದರು. ಸಾಲು ಮೂಡಿತು. ಈಗ ತೆಗೆಯಬಹುದು. ಅವನು ಮೆಲ್ಲಗೆ ತೆಗೆದು, ಅಂಗಿಯ ತುದಿಗೆ ಒರೆಸಿ, ಅವಳ ಕೈಗಿಟ್ಟ. ಹೋಗ್ಬಾ ಎನ್ನಬೇಕೆನ್ನಿಸಿ ಸುಷ್ಮಾಳ ತುಟಿ ಅಲುಗಿತು, ಸದ್ದು ಬರಲಿಲ್ಲ.

ಶಾಲೆಯಿಂದ ಮಗಳನ್ನು ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ ಅವಳು ಸಾಲುಗಳನ್ನು ಕಟ್ಟಿದಳು. ರೀ, ಒಂದು ಮಾತು ಹೇಳಬೇಕು. ರೀ, ಬೈಯಬೇಡಿ. ಬೈಯಲು ಅವನಿಗೆ ಏನಿದೆ? ಅದೇ ತಡೆಯಲಾಗದ್ದು. ದನಿಯಿದ್ದವನಾದರೆ ಕೂಗಾಡಿ, ಬಾಗಿಲು ಬಡಿದು, ಸಂಜೆಗೆ ಕಾಫಿ ಕೇಳುತ್ತಿದ್ದ. ಈಗ ಆ ಬಿಳಿ ಬಟ್ಟೆ ಬೇಗ ಬೇಗ ಉಬ್ಬಿ ಇಳಿಯುವುದನ್ನು ಅವಳು ನೋಡಬೇಕು, ಅಷ್ಟೆ. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಅವನು ಮೊದಲ ಸಲ ಅದನ್ನು ಹಿಡಿದು ‘ಲಾಸ್ಯ’ ಎಂದಾಗ ಯಾವುದೋ ಕಣಜ ತಗಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡಂತೆ ಸದ್ದು ಬಂದು, ಮಗು ಕಿವಿ ಮುಚ್ಚಿಕೊಂಡು ಅಜ್ಜಿಯ ಹಿಂದೆ ಅವಿತಿತ್ತು. ಅವನು ನಕ್ಕು ಅದನ್ನು ಬೀರುವಿನೊಳಗಿಟ್ಟವನು ಮತ್ತೆ ತೆಗೆಯಲಿಲ್ಲ. ನನ್ನ ದನಿ ಇದೆಯಲ್ಲ, ಅದರಲ್ಲಿ ಎಂದು ಪೆನ್‌ಡ್ರೈವಿದ್ದ ಅವಳ ಪರ್ಸಿನ ಕಡೆ ತೋರಿಸಿ ತುಟಿಯಾಡಿಸಿದ್ದ. ಅವತ್ತೇ ಹೇಳಬೇಕಿತ್ತು. ಅವತ್ತು ಹೊಲಿಗೆ ಹಸಿಯಾಗಿತ್ತು. ಆಮೇಲೆ ಜ್ವರ ಬಂತು. ಆಮೇಲೆ ಹಬ್ಬ ಬಂತು. ಪಾರ್ಕಿನ ಹತ್ತಿರ ಲಾಸ್ಯ ಕೈ ಎಳೆದಳು. ಅಮ್ಮಾ, ನಾನು. ‘ಬಿಸಿಲು ಕಣೇ, ಬೇಗ ನಡಿ’ ಎಂದಳು ಸುಷ್ಮಾ.

ಮನೆಗೆ ಬಂದರೆ ನಡುಮನೆಯಲ್ಲಿ ಟಿವಿಯ ಧೂಳು ಒರೆಸಿತ್ತು. ಶಿವಕಿರಣ್ ಮೂರು ಕುರ್ಚಿಗಳನ್ನು ಸಾಲಾಗಿ ಅದರ ಮುಂದೆ ಹಾಕಿ, ಕಾಯುತ್ತ ನಿಂತಿದ್ದ. ಗಿರಿಜಾಂಬಾ ಆಗಲೇ ಒಂದರಲ್ಲಿ ಕೂತಿದ್ದರು. ‘ಬಾರಮ್ಮ ಬಾ. ಬೆಳಗಿಂದ ಅದೇ ಕೆಲ್ಸ ಇವ್ನಿಗೆ. ಟಿವೀಲಿ ಬರುತ್ತೋ ಇಲ್ವೋ ಇವತ್ತೇ ನೋಡ್ಬುಡ್ಬೇಕಂತೆ, ನಾಳೆ ಮಗು ಮುಂದೆ ಮರ್ಯಾದೆ ಹೋಗ್ಬಾರ್ದಂತೆ. ಅಲ್ವೇನೋ ಕಿರಣಾ!’ ಎಂದು ಕೊನೆಯ ಮಾತನ್ನು ಅವನ ಕಡೆ ಕಿರುಚಿದರು. ‘ನಾನೂ ಕೇಳ್ತೀನಿ ಕಣಪ್ಪಾ! ಎಷ್ಟು ದಿನ ಆಯ್ತು, ಅಮ್ಮಾ ಅಂದಿದ್ದು ಕೇಳಿ!’

ಅವನು ಎಡಗೈ ಚಾಚಿದ. ಬೆಳಿಗ್ಗೆ ಲಿಂಗಕ್ಕೆ ಚಾಚುವ ಹಾಗೆಯೇ, ಅಂಗೈಯನ್ನು ಸ್ವಲ್ಪ ಗುಳಿ ಮಾಡಿ. ಸುಷ್ಮಾ ಪರ್ಸು ತೆರೆದಳು. ಕಳೆದುಹೋಯಿತು ಎನ್ನಬಹುದಿತ್ತು. ಬಸ್ಸಿನಲ್ಲಿ ಬಿದ್ದುಹೋಯಿತು ಎನ್ನಬಹುದಿತ್ತು. ಅಂಗೈಯ ನಡುವೆ ಅದನ್ನು ಇಟ್ಟಳು. ಅವನು ಹಳೆಯ ಅಭ್ಯಾಸದಂತೆ ಅದರ ಲೋಹದ ತುದಿಯನ್ನು ಬಾಯ ಹತ್ತಿರ ಒಯ್ದು, ಧೂಳು ಹಾರಲೆಂದು ತುಟಿ ಗುಂಡಗೆ ಮಾಡಿ ಊದಿದ. ಉಸಿರು ಬಾಯಿಂದ ಬರಲಿಲ್ಲ. ಕೆಳಗೆ, ಕುತ್ತಿಗೆಯ ಬಿಳಿ ಬಟ್ಟೆ ಹಾರಿತು. ಅವನು ಒಂದು ಕ್ಷಣ ಹಾಗೇ ನಿಂತು, ಮರೆತದ್ದಕ್ಕೆ ತಾನೇ ನಕ್ಕು, ಪಂಚೆಗೆ ಒರೆಸಿ ಟಿವಿಯ ಹಿಂದೆ ಸಿಕ್ಕಿಸಿದ.

ಪರದೆ ನೀಲಿಯಾಯಿತು. ಏನೂ ಇಲ್ಲ ಎಂದಿತು. ಅವನು ರಿಮೋಟು ಒತ್ತಿದ. ಏನೂ ಇಲ್ಲ. ತೆಗೆದು, ತಿರುಗಿಸಿ ಮತ್ತೆ ಸಿಕ್ಕಿಸಿದ. ‘ಸೌಂಡ್ ಜಾಸ್ತಿ ಮಾಡೋ!’ ಎಂದರು ಗಿರಿಜಾಂಬಾ. ಅವನು ಸೌಂಡ್ ಜಾಸ್ತಿ ಮಾಡಿದ. ಟಿವಿಯೊಳಗಿಂದ ಒಂದು ಬಗೆಯ ಸುಂಯ್ ಎನ್ನುವ ಖಾಲಿ ಸದ್ದು ಏರುತ್ತ ಹೋಗಿ ಮನೆಯನ್ನು ತುಂಬಿತು. ಅವನು ಹುಬ್ಬು ಗಂಟಿಕ್ಕಿ, ಟಿವಿಯದೇ ತಪ್ಪು ಎಂಬಂತೆ ಅದರ ತಲೆಗೆ ಮೆಲ್ಲಗೆ ತಟ್ಟಿ, ಹೆಂಡತಿಯ ಕಡೆ ತಿರುಗಿದ. ಏನಾಯ್ತು ಎಂದಿತು ತುಟಿ. ಸುಷ್ಮಾ ಬಾಯಿ ತೆರೆದಳು. ರೀ ಎನ್ನುವುದು ಎಲ್ಲೋ ಎದೆಯಲ್ಲಿ ಹೊರಟು ಅಲ್ಲೇ ನಿಂತಿತು. ಅವಳ ತುಟಿ ಮಾತ್ರ ಆಡಿತು, ಮುಚ್ಚಿತು, ಆಡಿತು. ಅವನು ಅವಳ ತುಟಿಯನ್ನೇ ನೋಡಿದ, ಅರ್ಥವಾಗದೆ. ಇಷ್ಟು ದಿನದಲ್ಲಿ ಅವಳ ತುಟಿ ಓದುವ ಅಗತ್ಯ ಅವನಿಗೆ ಬಿದ್ದೇ ಇರಲಿಲ್ಲ.

ಆಗ ಬಾಗಿಲ ಹತ್ತಿರ ಬೂಟು ಬಿಚ್ಚದೆ ನಿಂತಿದ್ದ ಲಾಸ್ಯ, ಬೆನ್ನಿನ ಬ್ಯಾಗಿನ ಸಮೇತ, ಕುರ್ಚಿಗಳ ನಡುವೆ ನುಸುಳಿ ಬಂದಳು. ಅಪ್ಪನ ಕೈಯಿಂದ ರಿಮೋಟು ತೆಗೆದುಕೊಂಡು ಟಿವಿ ಆರಿಸಿದಳು. ಅವಳು ತಾಯಿಯ ಮುಂದೆ ಬಂದು ನಿಂತು, ಸೀರೆಯ ನೆರಿಗೆ ಹಿಡಿದು ಎಳೆದು ಮುಖ ತನ್ನ ಕಡೆ ತಿರುಗುವಂತೆ ಮಾಡಿದಳು. ಈ ಸಲ ಸುಷ್ಮಾಳಿಗೆ ನೋಡಲು ಬೇರೇನೂ ಇರಲಿಲ್ಲ. ಮಗು ಬಾಯಿ ತೆರೆಯಿತು. ಮೊದಲು ಬಂದದ್ದು ತುಕ್ಕು ಹಿಡಿದ ಚಿಲಕ ಸರಿಸಿದಂಥ ಒಂದು ಗೊರಕಲು. ಆ ಸದ್ದಿಗೆ ಅವಳೇ ಬೆಚ್ಚಿ ಬಾಯಿಗೆ ಕೈ ಅಡ್ಡ ತಂದಳು. ಅಪ್ಪನ ಕಡೆ ನೋಡಿದಳು. ಅಪ್ಪನಿಗೆ ಏನೂ ಆಗಿರಲಿಲ್ಲ. ಅವನು ಮಂಡಿಯೂರಿ ಕೂತಿದ್ದ, ಕುತ್ತಿಗೆಯ ಬಟ್ಟೆ ಉಬ್ಬಿ ಹಾಗೇ ನಿಂತಿತ್ತು. ಲಾಸ್ಯ ಕೈ ಕೆಳಗಿಳಿಸಿದಳು.

‘ಅಮ್ಮಾ, ನಾನು ಮಧ್ಯೆ ಬಾಯಿ ಹಾಕಿದ್ದಕ್ಕೇನಾ ಅಪ್ಪನ ದನಿ ಹಾಳಾಗಿದ್ದು?’